ಟಿಂಬರ್‌ಬಾರ್ನ್‌ನಲ್ಲಿ ಬರ ಗೆದ್ದ ಹೊಂಡ: ನನ್ನ ಅನುಭವ

ಟಿಂಬರ್‌ಬಾರ್ನ್ ಅಂದರೆ ಬೀವರ್‌ಗಳ (ಮರ ಕಡಿದು ಅಣೆ ಕಟ್ಟುವ ಪ್ರಾಣಿ) ಊರು ಕಟ್ಟಿ ಬರ ದಾಟಿಸುವ ಕಂಪ್ಯೂಟರ್ ಆಟ. ನಾನು ಆಡಿದ್ದು ಪ್ಲೇನ್ಸ್ (ಬಯಲು) ಮ್ಯಾಪ್, ಹಾರ್ಡ್ ಮೋಡ್, ಐರನ್ ಟೀತ್ ಅನ್ನೋ ಬೀವರ್ ಬಣ. ಬರ 27-28 ದಿನದ್ದು. ಊರಿನಲ್ಲಿ 60ರ ಆಸುಪಾಸು ಬೀವರ್‌ಗಳು. ಬಾಯಾರಿಕೆಯಿಂದ ಒಂದೂ ಸಾಯಲಿಲ್ಲ. ನವಿಲುಕೋಸಿನ ಹೊಲವೂ ಒಣಗಲಿಲ್ಲ. ಇದೇ ಆಟ ಆಡುವ ಗೆಳೆಯರು ‘ಬಯಲು ಮ್ಯಾಪ್‌ನಲ್ಲಿ ಹೊಂಡ ತೋಡ್ತಾ ಕೂತ್ರೆ ಎರಡನೇ ಬರಕ್ಕೇ ಊರು ಖಾಲಿ’ ಅಂದಿದ್ದರು. ಈಗ ಅವರಲ್ಲೇ ಇಬ್ಬರು ಸೇವ್ ಫೈಲ್ ಕೇಳಿ ಇಸ್ಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಡ್ಯಾಮ್ ಅಂದರೆ ನೀರು ತಡೆಯುವ ಗಿಡ್ಡ ಕಟ್ಟೆ, ಲೆವಿ ಅಂದರೆ ಒಂದು ಬ್ಲಾಕ್ ಎತ್ತರದ, ಒಂದರ ಮೇಲೊಂದು ಏರಿಸಬಹುದಾದ ತಡೆಗೋಡೆ, ಫ್ಲಡ್‌ಗೇಟ್ ಅಂದರೆ ಎತ್ತರ ಹೊಂದಿಸಬಹುದಾದ ಬಾಗಿಲು. ಆಡುವವರಿಗೆ ಗೊತ್ತಿರುತ್ತದೆ.

ಬಯಲು ಮ್ಯಾಪ್‌ನಲ್ಲಿ ಎಲ್ಲರೂ ಮಾಡುವುದು ಒಂದೇ. ಹೊಳೆಗೆ ಅಡ್ಡ ಡ್ಯಾಮ್ ಸಾಲು ಹಾಕೋದು. ಅದು ಸಾಲದಿದ್ದರೆ ಎರಡೂ ದಡಕ್ಕೆ ಲೆವಿ ಏರಿಸಿ ದೊಡ್ಡ ಕೆರೆ ಮಾಡೋದು. ನಾನೂ ಎಷ್ಟೋ ಊರು ಹಾಗೇ ಕಟ್ಟಿದೆ. ಡ್ಯಾಮ್ ನಿಲ್ಲಿಸುವುದು 0.65 ಬ್ಲಾಕ್ ಎತ್ತರದ ನೀರು. ಅದರ ಮೇಲೆ ಬಂದಿದ್ದೆಲ್ಲ ಕೋಡಿ ಬೀಳುತ್ತದೆ. ಹತ್ತು-ಹನ್ನೆರಡು ದಿನ ಪಂಪ್ ಓಡಿಸಿದರೆ ತಳ ಕಾಣುತ್ತದೆ. ಸರಿ, ಲೆವಿ ಏರಿಸೋಣ ಅಂದರೆ ಮರ ಎಲ್ಲಿಂದ ತರೋದು? ಒಂದು ಲೆವಿಗೆ 12 ದಿಮ್ಮಿ. 60 ಟೈಲ್ (ಮ್ಯಾಪ್‌ನ ಚೌಕ) ಉದ್ದ, 3 ಎತ್ತರದ ಗೋಡೆ ಅಂದರೆ 180 ಲೆವಿ, 2,000 ದಿಮ್ಮಿಗಿಂತ ಜಾಸ್ತಿ. ಒಂದು ಓಕ್ ಮರ ಕೊಡುವುದು 8 ದಿಮ್ಮಿ, ಬೆಳೆಯೋಕೆ 30 ದಿನ. ಲೆಕ್ಕ ನೀವೇ ಹಾಕಿ. ಅಷ್ಟು ದಿಮ್ಮಿ ಗೋಡೆಗೆ ಹೋದರೆ ಮನೆ ಇಲ್ಲ, ಮರಿ ಹುಟ್ಟಿಸುವ ಬ್ರೀಡಿಂಗ್ ಪಾಡ್ ಇಲ್ಲ, ಗೇರ್ ಇಲ್ಲ.

ಗೋಡೆ ಕಟ್ಟಿ ಮುಗಿಸಿದ ಊರೂ ಬರದಲ್ಲಿ ಕುಸಿಯಿತು. ಆವಿ ಆಗುವುದು ನೀರಿನ ಮೇಲ್ಮೈ ಲೆಕ್ಕದಲ್ಲಿ. ಒಂದು ಟೈಲ್‌ನ ನೀರು ಒಂದು ಬ್ಲಾಕ್ ಆಳ ಇರಲಿ, ಐದು ಬ್ಲಾಕ್ ಇರಲಿ, ಬಿಸಿಲು ಎಳೆಯುವುದು ಹೆಚ್ಚುಕಡಿಮೆ ಅಷ್ಟೇ. ಕೆರೆ ಅಗಲ ಆದಷ್ಟೂ ನಷ್ಟ ಜಾಸ್ತಿ. ಒಂದು ಊರಿನಲ್ಲಿ ಪಂಪ್‌ಗಳನ್ನೆಲ್ಲ ನಿಲ್ಲಿಸಿ, ಟ್ಯಾಂಕ್ ನೀರು ಕುಡಿಸುತ್ತಾ ಕೆರೆಯ ಮಟ್ಟ ನೋಡುತ್ತಾ ಕೂತೆ. ಯಾರೂ ಮುಟ್ಟದೆಯೇ ಅದು ದಿನದಿನ ಇಳಿಯುತ್ತಿತ್ತು. ಬೀವರ್‌ಗಳು ಕುಡಿಯುವುದಕ್ಕಿಂತ ಬಿಸಿಲು ಕುಡಿಯುವುದೇ ಜಾಸ್ತಿ ಅಂತ ಆವತ್ತು ಖಾತ್ರಿಯಾಯಿತು.

ಅಲ್ಲಿಂದ ದಾರಿ ಬದಲಾಯಿತು. ನೀರನ್ನು ಮೇಲೆ ಕಟ್ಟಬಾರದು, ಕೆಳಗೆ ಇಳಿಸಬೇಕು. ಹೊಳೆಯಲ್ಲೂ ಅಲ್ಲ, ಹೊಳೆಯ ಪಕ್ಕದಲ್ಲಿ. ಡ್ಯಾಮ್ ಸಾಲು ಒಂದೇ ಸಾಕು. ಅದರ ಕೆಲಸ ಸಂಗ್ರಹ ಅಲ್ಲ, ಹೊಳೆಯ ಮಟ್ಟ ಎತ್ತಿ ನೀರನ್ನು ಪಕ್ಕಕ್ಕೆ ತಿರುಗಿಸೋದು. ಶ್ರೀರಂಗಪಟ್ಟಣದ ಸುತ್ತ ಕಾವೇರಿಗೆ ಕಟ್ಟಿದ ಹಳೇ ಅಣೆಗಳು ವಿರಿಜಾ ನಾಲೆಯಂಥ ನಾಲೆಗಳಿಗೆ ನೀರು ತಿರುಗಿಸುವುದು ಹೀಗೇ.

ನನ್ನ ಹೊಂಡ 12ಕ್ಕೆ 12 ಟೈಲ್, ಆಳ 5. ಅಂದರೆ 720 ಬ್ಲಾಕ್ ನೀರು. ಒಂದು ಬ್ಲಾಕ್ ಅಂದರೆ ಪಂಪ್ ಲೆಕ್ಕದಲ್ಲಿ 5 ನೀರು. ಒಟ್ಟು 3,600. ಒಂದು ಬೀವರ್ ದಿನಕ್ಕೆ ಎರಡಕ್ಕಿಂತ ಚೂರು ಜಾಸ್ತಿ ಕುಡಿಯುತ್ತದೆ. 60 ಬೀವರ್‌ಗೆ ದಿನಕ್ಕೆ 130ರ ಹತ್ತಿರ. ಆವಿಯಾಗಿ ಹೋಗುವುದಕ್ಕೆ ಒಂದು ಪಾಲು ಬಿಟ್ಟು, ಟ್ಯಾಂಕ್‌ನಲ್ಲಿದ್ದದ್ದು ಸೇರಿಸಿದರೆ ಬರ ಪೂರ್ತಿ ದಾಟುತ್ತದೆ. ಇಷ್ಟೇ ನೀರನ್ನು ಡ್ಯಾಮ್ ಎತ್ತರದಲ್ಲಿ ಹರಡಿ ಇಡಬೇಕಾದರೆ 1,100 ಟೈಲ್ ಬೇಕು. 144 ಎಲ್ಲಿ, 1,100 ಎಲ್ಲಿ!

ಐರನ್ ಟೀತ್ ತೆಗೆದುಕೊಂಡಿದ್ದೂ ಇದಕ್ಕೇ. ಅವರ ಡೀಪ್ ವಾಟರ್ ಪಂಪ್‌ನ ಪೈಪು ಆರು ಬ್ಲಾಕ್ ಕೆಳಗಿಳಿಯುತ್ತದೆ. ಇನ್ನೊಂದು ಬಣ ಫೋಕ್‌ಟೇಲ್ಸ್‌ನ ಸಾದಾ ಪಂಪ್ ಎರಡಕ್ಕೇ ನಿಲ್ಲುತ್ತದೆ. ಅದನ್ನಿಟ್ಟುಕೊಂಡು ಐದು ಬ್ಲಾಕ್ ತೋಡಿದರೆ ಕೆಳಗಿನ ನೀರು ಕಣ್ಣಿಗೆ ಮಾತ್ರ.

ಖರ್ಚೆಲ್ಲ ಡೈನಮೈಟ್‌ನಲ್ಲೇ. ಒಂದು ಟೈಲ್‌ಗೆ ಮೂರು ಬ್ಲಾಕ್ ತೋಡುವ ಒಂದು ಟ್ರಿಪಲ್, ಆಮೇಲೆ ಎರಡು ಬ್ಲಾಕ್ ತೋಡುವ ಒಂದು ಡಬಲ್. ಒಟ್ಟು ಮುನ್ನೂರಕ್ಕೆ ಹತ್ತಿರ. ಸಾದಾ, ಡಬಲ್, ಟ್ರಿಪಲ್ ಮೂರೂ ಬಗೆ ಅನ್‌ಲಾಕ್ ಮಾಡೋಕೆ ಸೈನ್ಸ್ ಪಾಯಿಂಟ್ (ಸಂಶೋಧನೆಯಿಂದ ಕೂಡುವ ಅಂಕ) ಬೇಕು. ಅದು ಕೂಡುವ ತನಕ ಊರನ್ನು ಬೇಕೆಂದೇ 25-30 ಬೀವರ್‌ಗೆ ಹಿಡಿದಿಟ್ಟೆ. ಪಾಡ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ. ಗೆಳೆಯರು ಗಾಬರಿಯಾಗಿದ್ದು ಇಲ್ಲೇ. ಅವರ ಊರಲ್ಲಿ ಜನಸಂಖ್ಯೆ ಓಡುತ್ತಿತ್ತು, ನನ್ನದು ನಿಂತಲ್ಲೇ ನಿಂತಿತ್ತು. ಡೈನಮೈಟ್‌ಗೆ ಸಿಡಿಮದ್ದು ಮಾಡುವ ಎಕ್ಸ್‌ಪ್ಲೋಸಿವ್ಸ್ ಫ್ಯಾಕ್ಟರಿಗೆ ಕೆಟ್ಟ ನೀರೇ (ಬ್ಯಾಡ್‌ವಾಟರ್) ಕಚ್ಚಾ ಮಾಲು. ಎಲ್ಲರೂ ಬ್ಯಾಡ್‌ಟೈಡ್ (ಹೊಳೆಯಲ್ಲಿ ಕೆಟ್ಟ ನೀರು ಹರಿಯುವ ಕಾಲ) ಬಂದರೆ ಹೆದರುತ್ತಾರೆ, ನಾನು ಕಾಯುತ್ತಿದ್ದೆ. ಬ್ಯಾಡ್‌ವಾಟರ್ ಪಂಪ್ ಎರಡು ಹಾಕಿ ತುಂಬಿಟ್ಟುಕೊಂಡೆ.

ಮೊದಲ ಪದರ ಸಿಡಿಸುವುದು ಸುಲಭ, ಸುತ್ತ ಓಡಾಡಲು ನೆಲ ಇರುತ್ತದೆ. ಎರಡನೇ ಪದರಕ್ಕೆ ಬಿಲ್ಡರ್‌ಗಳು ಕೆಳಗಿಳಿಯಬೇಕು. ಮೆಟ್ಟಿಲು, ಪ್ಲಾಟ್‌ಫಾರ್ಮ್ ಎಲ್ಲ ಹಾಕಬೇಕು. ಪಕ್ಕದ ಡೈನಮೈಟ್ ಸಿಡಿದರೆ ಇದೂ ಸಿಡಿಯುತ್ತದೆ, ಹಾಗಾಗಿ ಸಾಲು ಯಾವ ಕಡೆಯಿಂದ ಶುರು ಮಾಡ್ತೀರಿ ಅನ್ನೋದು ಮುಖ್ಯ. ಮೆಟ್ಟಿಲು ಕಡಿಮೆ ಸಾಕಾಗುವ ಒಂದು ಕ್ರಮ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳಲ್ಲ. ಎರಡು ಹೊಂಡ ತೋಡಿದರೆ ನಿಮಗೇ ಹೊಳೆಯುತ್ತದೆ.

ಹೊಳೆಯಿಂದ ಹೊಂಡಕ್ಕೆ ಮೂರು ಟೈಲ್‌ನ ಕಾಲುವೆ. ಅದರ ಬಾಯಿಗೆ ಸ್ಲೂಯಿಸ್. ಇದೇ ನಮ್ಮ ತೂಬು. ಮೊದಲು ಫ್ಲಡ್‌ಗೇಟ್ ಇಟ್ಟಿದ್ದೆ. ಅದರಲ್ಲಿ ಬರದ ಸೂಚನೆ ಬಂದ ಕೂಡಲೇ ಕೈಯಾರೆ ಮುಚ್ಚಬೇಕು. ತಡವಾದರೆ ಹೊಳೆ ತಳಕ್ಕಿಂತ ಮೇಲಿರುವ ಹೊಂಡದ ನೀರೆಲ್ಲ ವಾಪಸ್ ಹೊಳೆಗೆ ಹರಿದುಹೋಗುತ್ತದೆ. ಸ್ಲೂಯಿಸ್ ಒಂದೇ ದಿಕ್ಕಿಗೆ ಬಿಡುತ್ತದೆ. ಒಳಗೆ ಬಂದ ನೀರು ಹೊರಗೆ ಹೋಗಲ್ಲ. ಕೆಟ್ಟ ನೀರು ಬಂದರೆ ತಾನೇ ಮುಚ್ಚಿಕೊಳ್ಳುವ ಹಾಗೂ ಇಡಬಹುದು. ಆ ಮಟ್ಟವನ್ನು ಆದಷ್ಟೂ ಕಡಿಮೆಗೇ ಇಡಿ. ಬ್ಯಾಡ್‌ಟೈಡ್ ಮುಗಿದ ಮೇಲೂ ಸ್ವಲ್ಪ ಹೊತ್ತು ಕಲಬೆರಕೆ ನೀರು ಬರುತ್ತಿರುತ್ತದೆ. ಅದು ಹೊಂಡಕ್ಕೆ ಸೇರಿತೋ, ತೆಗೆಯೋದು ದೊಡ್ಡ ತಲೆನೋವು. ಹೊಳೆಯನ್ನೇ ಕೆರೆ ಮಾಡಿಕೊಂಡವರು ಬೈಪಾಸ್ ಕಾಲುವೆ ತೋಡುತ್ತಾ ಇರುತ್ತಾರೆ. ನನಗೆ ಅದು ಬೇಕಾಗಲೇ ಇಲ್ಲ. ಕೆಟ್ಟ ನೀರು ಡ್ಯಾಮ್ ಮೇಲೆ ಹರಿದು ತನ್ನ ಪಾಡಿಗೆ ತಾನು ಹೋಗುತ್ತದೆ.

ಈ ಪದ್ಧತಿಗೆ ಒಂದು ತೊಡಕು ನಿಜವಾಗಲೂ ಇದೆ. ಹೊಂಡದ ನೀರು ಕೆಳಗಿಳಿದ ಹಾಗೆ ದಡದ ಹಸಿರು ಹಿಂದೆ ಸರಿಯುತ್ತದೆ. ಮಟ್ಟ ಎರಡು-ಮೂರು ಬ್ಲಾಕ್ ಇಳಿದರೆ ಪಕ್ಕದ ಹೊಲವೇ ಕಂದು ಬಣ್ಣಕ್ಕೆ ತಿರುಗುತ್ತದೆ. ಕುಡಿಯೋಕೆ ಬೇಕಾದಷ್ಟು ನೀರಿದ್ದೂ ಹಸಿವಿನಿಂದ ಸಾಯುವುದು ಹೀಗೆ. ಗೆಳೆಯರ ಅನುಮಾನದಲ್ಲಿ ಹುರುಳಿದ್ದದ್ದು ಇದೊಂದೇ. ಹೊಲದ ನಡುವೆ 3ಕ್ಕೆ 3ರ ಗುಂಡಿ ಮಾಡಿ, ಒಂದೇ ಬ್ಲಾಕ್ ಆಳ, ಪಕ್ಕದಲ್ಲಿ ಫ್ಲೂಯಿಡ್ ಡಂಪ್ ಇಟ್ಟೆ. ಬೀವರ್‌ಗಳು ಹೊಂಡದ ನೀರು ಹೊತ್ತು ತಂದು ಸುರಿಯುತ್ತವೆ. ಒಂಬತ್ತು ಟೈಲ್ ನೀರಿಗೆ ಸುತ್ತ ಹದಿನೈದು ಟೈಲ್ ತನಕ ನೆಲ ಹಸಿರಾಗಿರುತ್ತದೆ. ಅಷ್ಟು ಚಿಕ್ಕ ಗುಂಡಿಯಲ್ಲಿ ಆವಿಯೂ ಲೆಕ್ಕಕ್ಕಿಲ್ಲ. ನವಿಲುಕೋಸು, ಮರಗೆಣಸು ಎರಡೂ ಒಂದೇ ಗುಂಡಿಯಲ್ಲಿ ನಡೆದವು. ಓಕ್ ತೋಪಿಗೆ ಇನ್ನೊಂದು ಗುಂಡಿ. ಬರದ ನಡುವೆ ತೋಪು ಒಣಗಿದರೆ ಬರ ಮುಗಿದ ಮೇಲೆ ದಿಮ್ಮಿಯೇ ಇರಲ್ಲ, ಅದನ್ನು ಮರೀಬೇಡಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಡ್ಯಾಮ್ ಸಾಲಿನ ಕೆಳಗೆ ಹೊಳೆಯನ್ನು ಲೆವಿಯಿಂದ ಕಿರಿದು ಮಾಡಿ, ಅಲ್ಲಿ ವಾಟರ್ ವ್ಹೀಲ್ ಇಟ್ಟೆ. ಅಗಲ ಹೊಳೆಯಲ್ಲಿ ಸೋಮಾರಿಯಾಗಿ ತಿರುಗುತ್ತಿದ್ದ ಚಕ್ರ ಕಿರಿದಾದ ಕಡೆ ಜೋರಾಗಿ ತಿರುಗಿತು. ಎಕ್ಸ್‌ಪ್ಲೋಸಿವ್ಸ್ ಫ್ಯಾಕ್ಟರಿ ನಡೆದಿದ್ದು ಇದರಿಂದಲೇ. ತೀರಾ ಕಿರಿದು ಮಾಡಿದರೆ ಮೇಲಿನ ಮಟ್ಟ ಏರಿ ಡ್ಯಾಮ್ ಸಾಲೇ ಮುಳುಗುತ್ತದೆ. ಕೊನೆಗೆ ನಾಲ್ಕು ಟೈಲ್ ಅಗಲಕ್ಕೆ ನಿಲ್ಲಿಸಿದೆ. ಬರದಲ್ಲಿ ಹೊಂಡದಿಂದ ನೀರು ಬಿಟ್ಟು ಚಕ್ರ ತಿರುಗಿಸುವ ಯೋಚನೆ ಬೇಡ. ಕುಡಿಯೋ ನೀರು ಸುಮ್ನೆ ಖಾಲಿಯಾಗುತ್ತದೆ. ಬರಕ್ಕೆ ದಿಮ್ಮಿ ಸುಡುವ ಎಂಜಿನ್ನೇ ಸರಿ.

ನಿಜವಾದ ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ದೊಡ್ಡ ಮ್ಯಾಪ್‌ನಲ್ಲಿ ಇಷ್ಟು ನೀರು ಓಡಾಡಿದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ವೇಗ ಮೂರಕ್ಕೆ ಇಟ್ಟರೆ ಫ್ಯಾನ್ ಸದ್ದಿಗೆ ಮನೆಯವರು ಎದ್ದು ಬರುತ್ತಿದ್ದರು. ರ‍್ಯಾಮ್ 16 ಜಿಬಿ ಮಾಡಿಸಿದೆ, ಮೂರು ಸಾವಿರದ ಮೇಲೆ ಹೋಯಿತು. ಸ್ವಲ್ಪ ಸುಧಾರಿಸಿತು. ಹೊಳೆ ಉದ್ದಕ್ಕೂ ಕೆರೆ ಹರಡಿದ್ದ ಹಳೇ ಊರುಗಳಿಗಿಂತ ಹೊಂಡದ ಊರು ಹಗುರವಾಗಿ ಓಡುತ್ತದೆ ಅಂತ ನನಗೆ ಅನ್ನಿಸಿದೆ.

ಈಗ ಎರಡನೇ ಹೊಂಡ ಶುರು ಮಾಡಿದ್ದೇನೆ, 10ಕ್ಕೆ 10, ಆಳ 6. ಎರಡಕ್ಕೂ ಒಂದೇ ಕಾಲುವೆ. ಮೊದಲನೆಯದು ತುಂಬಿದ ಮೇಲೆ ಎರಡನೆಯದಕ್ಕೆ ನೀರು ಹೋಗುವ ಹಾಗೆ ನಡುವೆ ಇನ್ನೊಂದು ಸ್ಲೂಯಿಸ್. ಇದು ತುಂಬಿದರೆ ಬೀವರ್ ಸಂಖ್ಯೆ ನೂರಕ್ಕೆ ಏರಿಸುತ್ತೇನೆ. ಪಾಡ್‌ಗಳಿಗೆ ಜಾಗ ಆಗಲೇ ಬಿಟ್ಟಿದ್ದೇನೆ.