ಸ್ಪಿತಿಗೆ ಎರಡನೆಯ ಸಲ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಹೋಗಿ ಮಲಗಿದ್ದೆ ಅಷ್ಟೇ. ರಜೆ ಉಳಿಸುವ ಆಸೆಗೆ ಬಿದ್ದು, ಸುಮಾರು 2,000 ಮೀಟರ್ ಎತ್ತರದ ಮನಾಲಿಯಿಂದ ನಸುಕಿನಲ್ಲೇ ಹೊರಟು, 4,500 ಮೀಟರಿಗೂ ಎತ್ತರದ ಕುಂಜುಮ್ ಪಾಸ್ ದಾಟಿ ಸಂಜೆಗೆ ಕಣಿವೆಯ ಮುಖ್ಯ ಊರು ಕಾಜಾ ಸೇರಿದ್ದೆ. ರಾತ್ರಿ ತಲೆಗೆ ಹಗ್ಗ ಬಿಗಿದಂಥ ನೋವು, ಜೊತೆಗೆ ವಾಂತಿ. ಒಮ್ಮೆಲೇ ಅಷ್ಟು ಎತ್ತರ ಏರಿದ್ದರ ಫಲ ಇದು, ಹೆಚ್ಚಾದರೆ ಕೆಳಗಿಳಿಯುವುದೊಂದೇ ಮದ್ದು ಎಂದರು ಅಲ್ಲಿಯವರು. ಇಳಿದೆ.

ಎರಡನೆಯ ಸಲ ಶಿಮ್ಲಾ ಕಡೆಯಿಂದ ಹೋದೆ. ದಾರಿ ಉದ್ದ, ಆದರೆ ಏರು ನಿಧಾನ. ಕಲ್ಪಾದಲ್ಲಿ ಎರಡು ರಾತ್ರಿ ಉಳಿದು, ಮರುದಿನ ರೆಕಾಂಗ್ ಪಿಯೋದಿಂದ ಸರ್ಕಾರಿ ಬಸ್ ಹಿಡಿದೆ. ಖಾಬ್ ಬಳಿ ಸ್ಪಿತಿ ನದಿ ಸಟ್ಲೆಜ್ ಸೇರುತ್ತದೆ. ಅಲ್ಲಿಂದ ಮುಂದೆ ಹಸಿರು ಮುಗಿದೇ ಹೋಯಿತು. ತಾಬೋದಲ್ಲಿ ಮತ್ತೆರಡು ರಾತ್ರಿ. ಕ್ರಿ.ಶ. 996ರ ಅಲ್ಲಿನ ಮಣ್ಣಿನ ಬೌದ್ಧ ಮಠ ಹೊರಗಿನಿಂದ ನಮ್ಮ ಕಡೆಯ ಹಳೆಯ ಕಣಜದಂತೆ ಸಪ್ಪೆ. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಅವಸರದವರಿಗೆ ಅದು ಬರೀ ಕತ್ತಲೆ. ಈ ಸಲ ಕಾಜಾದಲ್ಲಿ ತಲೆ ನೋಯಲಿಲ್ಲ.

ಕೊನೆಗೆ 4,400 ಮೀಟರ್ ಎತ್ತರದ ಲಾಂಗ್ಜಾದಲ್ಲಿ ಒಬ್ಬರ ಮನೆಯಲ್ಲಿ ಉಳಿದೆ. ನನಗೋ ಅನ್ನದ ಚಪಲ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಗ, ಸರಿಯಾಗಿ ಬೇಯುವುದಿಲ್ಲ. ಮನೆಯೊಡತಿ ಕುಕ್ಕರ್ ಇಟ್ಟರು. ಅದು ಕೂಗುವಷ್ಟರಲ್ಲಿ ಬಟ್ಟಲಿಗೆ ಉಪ್ಪು, ಬೆಣ್ಣೆ ಹಾಕಿದ ಚಹಾ ಸುರಿದು, ಹುರಿದ ಬಾರ್ಲಿಯ ಹಿಟ್ಟು ಉದುರಿಸಿ ಬೆರಳಲ್ಲಿ ಕಲಸಿ ಉಂಡೆ ಕಟ್ಟಿ ಕೊಟ್ಟರು. ಅದನ್ನು ಅವರು ಸಂಪಾ ಎನ್ನುತ್ತಾರೆ. ಬಾಯಿಗಿಟ್ಟರೆ ನಮ್ಮ ಹುರಿಹಿಟ್ಟೇ! ಬೆಲ್ಲವೊಂದು ಇಲ್ಲ, ಅಷ್ಟೇ. ಆಮೇಲೆ ಅನ್ನ ನೆನಪಾಗಲಿಲ್ಲ.

ಹೋಗುವವರಿಗೆ ಒಂದು ಮಾತು. ನಗದು ಸಾಕಷ್ಟಿರಲಿ, ಮೊದಲ ದಿನ ಬೆಟ್ಟ ಹತ್ತುವ ಶೌರ್ಯ ಬೇಡ. ಇನ್ನು ಶೌಚಾಲಯದ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಹಳೆಯ ಮನೆಗಳಲ್ಲಿ ಅದು ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ನೀರು ಸುರಿಯುವಂತಿಲ್ಲ, ಕೆಳಗೆ ಬಿದ್ದದ್ದು ಒಣಗಿ ಬಟಾಣಿ, ಬಾರ್ಲಿ ಹೊಲಕ್ಕೆ ಗೊಬ್ಬರವಾಗಬೇಕು. ನಾನು ತುಂಬಿದ ಚೊಂಬು ಹಿಡಿದು ಹೊರಟಿದ್ದನ್ನು ಕಂಡು ಮನೆಯೊಡತಿ ನಗುತ್ತಾ ಬಂದು, ಚೊಂಬನ್ನು ಕೈಯಿಂದ ತೆಗೆದುಕೊಂಡು ಸಲಿಕೆಯನ್ನು ತೋರಿಸಿದರು.