ಕಾಗೆ ಬಂದ ಮೇಲೆ ಓದಿದ ಪುಸ್ತಕಗಳು

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹೆಸರು ದೊಡ್ಡದು, ಬರೆಯುವುದು ಚೆಕ್‌ರೋಲ್ ಮಾತ್ರ. ಯಾರು ಬಂದರು, ಯಾರದು ಅರ್ಧ ದಿನ, ಯಾರಿಗೆ ಎಷ್ಟು ಅಡ್ವಾನ್ಸ್. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ದೇವರು, ನಂಬಿಕೆ, ಮನುಷ್ಯ ಅಂದರೆ ಏನು ಅಂತೆಲ್ಲ ಪುಸ್ತಕ ಹುಡುಕಿಕೊಂಡು ಹೋಗುವ ಆಸಾಮಿ ನಾನಾಗಿರಲಿಲ್ಲ. ಆ ದಾರಿಗೆ ಹಚ್ಚಿದ್ದು ಒಂದು ಕಾಗೆ.

ಹನ್ನೊಂದು ವರ್ಷದ ಹಿಂದಿನ ಮಾತು. ಅಪ್ಪನ ತಿಥಿ. ಸಮಾಧಿ ಹತ್ತಿರ ಬಾಳೆಲೆ ಹಾಸಿ ಅವನಿಗೆ ಇಷ್ಟವಾದದ್ದೆಲ್ಲ ಇಟ್ಟಿದ್ದೆವು. ಕಡುಬು, ಕೋಳಿಸಾರು, ಒಂದು ಕಟ್ಟು ಬೀಡಿ. ಎಡೆ ಇಟ್ಟು ದೂರ ಬಂದು ನಿಂತೆವು. ಕಾಗೆ ಬರಲಿಲ್ಲ. ಹತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು. ಬೇರೆ ದಿನ ಅಡಿಗೆಮನೆ ಬಾಗಿಲಿಗೇ ಬರುವ ಕಾಗೆಗಳು ಅವತ್ತು ಸಿಲ್ವರ್ ಮರದ ತುದಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದವು. ನೆಂಟರು ಗುಸುಗುಸು ಶುರು ಮಾಡಿದರು. 'ಏನೋ ಆಸೆ ಉಳ್ಕಂಡೈತೆ' ಎಂದರು ದೊಡ್ಡಮ್ಮ. ಅವ್ವ ಮಾತಾಡಲಿಲ್ಲ.

ನಾನು ಇಂಥದ್ದನ್ನು ನಂಬುವವನಲ್ಲ. ಪಿಯುಸಿಯಲ್ಲಿ ಸೈನ್ಸ್ ಓದಿದ್ದೆ, ಊರಲ್ಲಿ ಸ್ವಲ್ಪ ನಾಸ್ತಿಕ ಅಂತಲೇ ಹೆಸರು. ಆದರೂ ಮುಂದೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, 'ಅಪ್ಪ, ತಂಗಿ ಮದುವೆ ಜವಾಬ್ದಾರಿ ನಂದು' ಎಂದೆ. ಐದು ನಿಮಿಷದಲ್ಲಿ ಕಾಗೆ ಇಳಿಯಿತು.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಕಾಗೆಯಲ್ಲ. ಕಾಗೆಗೆ ಹಸಿವಾಗಿತ್ತು, ಬಂತು. ಆದರೆ ನಂಬದ ನಾನು ಯಾರ ಹತ್ತಿರ ಮಾತಾಡಿದೆ? ಅವ್ವನನ್ನು ಸಮಾಧಾನ ಮಾಡಲು ಅಂತ ಹೇಳಿಕೊಳ್ಳಬಹುದಿತ್ತು. ಸುಳ್ಳಾಗುತ್ತಿತ್ತು. ಆ ಗಳಿಗೆಯಲ್ಲಿ ಅಪ್ಪ ಕೇಳಿಸಿಕೊಳ್ಳುತ್ತಾನೆ ಅಂತಲೇ ಮಾತಾಡಿದ್ದೆ.

ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಗಬಹುದು ಅಂತ ಮಳೆಗಾಲ ಶುರುವಾಗುತ್ತಲೇ ಲೈಬ್ರರಿಗೆ ಹೋದೆ. ಧರ್ಮ ಎಂದು ಬರೆದ ಕಪಾಟಿನಿಂದ ಒಂದೊಂದಾಗಿ ತಂದೆ. ಪ್ರವಚನದ ಸಂಗ್ರಹ, ಯಾವ ವಾರ ಯಾವ ವ್ರತ, ಸತ್ತ ಮೇಲೆ ಆತ್ಮ ಎಲ್ಲೆಲ್ಲಿ ಹೋಗುತ್ತದೆ ಎಂಬುದರ ದಾರಿಪಟ್ಟಿ. ನಮ್ಮ ಕೆಎಸ್‌ಆರ್‌ಟಿಸಿಯವರೂ ಅಷ್ಟು ಖಚಿತವಾಗಿ ಹೇಳುವುದಿಲ್ಲ. ಇನ್ನೊಂದು ಕಡೆ ದೇವರೇ ಇಲ್ಲ ಎಂದು ವಾದ ಮಾಡುವ ಪುಸ್ತಕಗಳು. ಅವೂ ಅಷ್ಟೇ ಖಚಿತ. ಮೂರು ತಿಂಗಳು ಓದಿದೆ. ಇಬ್ಬರಿಗೂ ಎಲ್ಲ ಗೊತ್ತಿತ್ತು, ನನ್ನ ಕಾಗೆಯೊಂದನ್ನು ಬಿಟ್ಟು.

ದಾರಿ ತೋರಿಸಿದ್ದು ಪಿಯು ಕಾಲೇಜಿನಿಂದ ರಿಟೈರಾಗಿದ್ದ ಒಬ್ಬ ಕನ್ನಡ ಮೇಷ್ಟ್ರು. ತೋಟಕ್ಕೆ ಮೆಣಸಿನ ಬಳ್ಳಿ ಕೇಳಿಕೊಂಡು ಬಂದಿದ್ದರು. ಸುಮ್ನೆ ಮಾತಿಗೆ ಮಾತು ಬಂದು ಕಾಗೆ ಕತೆ ಹೇಳಿದೆ. ಅವರು ನಗಲಿಲ್ಲ. 'ಎಲ್ಲಿ ಹುಡುಕ್ತಾ ಇದೀರಿ?' ಎಂದರು. ಧರ್ಮದ ಕಪಾಟಿನಲ್ಲಿ ಎಂದೆ. 'ಲೈಬ್ರರಿಗಳ ಲೆಕ್ಕದಲ್ಲಿ ಅದು 200ನೇ ನಂಬರಿನ ಸಾಲು. ನಿಮ್ಮ ಪುಸ್ತಕ ಇರೋದು 800ರಲ್ಲಿ' ಎಂದರು. ಡ್ಯೂಯಿ ಎಂಬುವನು ಮಾಡಿದ ವಿಂಗಡಣೆ ಅದು, 200 ಎಂದರೆ ಧರ್ಮ, 800 ಎಂದರೆ ಸಾಹಿತ್ಯ, ಎಂದು ಆಮೇಲೆ ವಿವರಿಸಿದರು. ಮುಂದಿನ ವಾರ ಬಳ್ಳಿ ತೆಗೆದುಕೊಂಡು ಹೋಗಲು ಬಂದಾಗ ಒಂದು ಸಣ್ಣ ಪುಸ್ತಕ ಕೊಟ್ಟರು. ಅನಂತಮೂರ್ತಿಯವರ 'ಸಂಸ್ಕಾರ'.

1965ರಲ್ಲಿ ಬಂದ ಕಾದಂಬರಿ. ಸಿನಿಮಾ ಆಗಿದೆ ಅಂತ ಗೊತ್ತಿತ್ತು, ಬ್ರಾಹ್ಮಣರ ಅಗ್ರಹಾರದ ಕತೆ ನಮಗ್ಯಾಕೆ ಅಂತ ಬಿಟ್ಟಿದ್ದೆ. ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನು. ಅವನ ಹೆಣಕ್ಕೆ ಯಾರು ಸಂಸ್ಕಾರ ಮಾಡಬೇಕು? ತೀರ್ಮಾನ ಹೇಳಬೇಕಾದವರು ಪ್ರಾಣೇಶಾಚಾರ್ಯರು, ಎಲ್ಲ ಶಾಸ್ತ್ರ ಓದಿದವರು. ಅವರು ತಾಳೆಗರಿ ಎಲ್ಲ ತಿರುವಿ ಹಾಕುತ್ತಾರೆ, ಉತ್ತರ ಸಿಗುವುದಿಲ್ಲ. ಕೊನೆಗೆ ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ. ಹೂವು ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು. ಕಾಯುತ್ತಾರೆ. ಹೂವು ಬೀಳುವುದೇ ಇಲ್ಲ.

ಆ ಪುಟಕ್ಕೆ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಿನಲ್ಲಿ ಓದುತ್ತಿದ್ದೆ. ಪುಸ್ತಕ ಮಡಚಿ ಇಟ್ಟೆ. ಅಷ್ಟು ಓದಿದ ಆಚಾರ್ಯರು ಹೂವಿಗೆ ಕಾದಿದ್ದಾರೆ, ನಾನು ಕಾಗೆಗೆ ಕಾದಿದ್ದೇನೆ. ನನಗೆ ಕಾಗೆ ಬಂದುಬಿಟ್ಟಿತು, ಹಾಗಾಗಿ ನಾನು ಬಚಾವ್. ಬರದೆ ಹೋಗಿದ್ದರೆ? ಈ ಪ್ರಶ್ನೆಯನ್ನು ಯಾವ ಪ್ರವಚನವೂ ನನಗೆ ಕೇಳಿರಲಿಲ್ಲ.

ಅಲ್ಲಿಂದ ನನ್ನ ಓದುವ ರೀತಿ ಬದಲಾಯಿತು. ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರಶ್ನೆ ಬರೆದಿಡಲು ಶುರು ಮಾಡಿದೆ. ಪುಸ್ತಕದ ಹೆಸರು ಬರೆಯುವುದಿಲ್ಲ, ಪ್ರಶ್ನೆ ಮಾತ್ರ. ಯಾರಾದರೂ ಓದುವವರು ಸಿಕ್ಕರೆ 'ಒಳ್ಳೆ ಪುಸ್ತಕ ಹೇಳಿ' ಅನ್ನುವುದನ್ನು ಬಿಟ್ಟೆ. ಹಾಗೆ ಕೇಳಿದರೆ ಎಲ್ಲರೂ ಅವೇ ನಾಲ್ಕು ಹೆಸರು ಹೇಳುತ್ತಾರೆ. ನಡೆದದ್ದನ್ನು ಹೇಳಿ, 'ಇಂಥದ್ದು ಯಾರಾದರೂ ಬರೆದಿದ್ದಾರಾ?' ಎಂದರೆ ಅವರೂ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾರೆ. ಇಪ್ಪತ್ತು ಪುಟದೊಳಗೆ ಪುಸ್ತಕವೇ ಉತ್ತರ ಹೇಳಿಬಿಟ್ಟರೆ ವಾಪಸ್. ಹೀಗೆ ಮಾಡಿ ಕೆಲವು ಒಳ್ಳೆಯ ಪುಸ್ತಕಗಳನ್ನೂ ಕಳೆದುಕೊಂಡಿರಬಹುದು, ಇರಲಿ.

ಒಂದನ್ನಂತೂ ಕಳೆದುಕೊಂಡು ಮತ್ತೆ ಪಡೆದೆ. ಕಾರಂತರ 'ಮೂಕಜ್ಜಿಯ ಕನಸುಗಳು'. ಜ್ಞಾನಪೀಠ ಬಂದ ಪುಸ್ತಕ ಅಂತ ಭಕ್ತಿಯಿಂದ ತಂದೆ, ಬೇಸರವಾಗಿ ಬಿಟ್ಟೆ. ಕತೆ ಮುಂದೆ ಹೋಗುವುದೇ ಇಲ್ಲ, ಅಜ್ಜಿ ಮೊಮ್ಮಗ ಕೂತು ಮಾತಾಡುತ್ತಲೇ ಇರುತ್ತಾರೆ. ನಾಲ್ಕು ವರ್ಷ ಬಿಟ್ಟು, ಅವ್ವನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಜಗಲಿ ಮೇಲೆ ಕೂರುವುದು ಶುರುವಾದಾಗ ಮತ್ತೆ ತಂದೆ. ಬಾಲವಿಧವೆಯಾದ ಒಬ್ಬಳು ಮುದುಕಿ ಹಳೆಯ ಮೂಳೆಯ ಚೂರು ಮುಟ್ಟಿ ಮನುಷ್ಯರ ಹಿಂದಿನ ಕಾಲವನ್ನೆಲ್ಲ ಕಾಣುತ್ತಾಳೆ. ದೇವರುಗಳು ಹುಟ್ಟಿದ್ದನ್ನು, ಹಳಬರಾಗಿ ಮೂಲೆ ಸೇರಿದ್ದನ್ನು ಕಂಡವಳ ಹಾಗೆ ಹೇಳುತ್ತಾಳೆ. ದೇವರನ್ನು ಬೈಯುವುದಿಲ್ಲ, ಕೈಯನ್ನೂ ಮುಗಿಯುವುದಿಲ್ಲ. ಊರಿನ ಜನರ ಬಗ್ಗೆ ಮಾತಾಡಿದ ಹಾಗೆಯೇ ದೇವರ ಬಗ್ಗೆ ಮಾತಾಡುತ್ತಾಳೆ. ಕತೆ ಮುಂದೆ ಹೋಗದಿದ್ದದ್ದು ಈ ಸಲ ತೊಂದರೆ ಅನ್ನಿಸಲಿಲ್ಲ. ಜಗಲಿಯ ಮಾತು ಮುಂದೆ ಎಲ್ಲಿಗೆ ಹೋಗುತ್ತದೆ, ಅಲ್ವಾ?

ಮೂಡಿಗೆರೆಯವನಾಗಿ ತೇಜಸ್ವಿ ಹೆಸರು ಹೇಳದಿದ್ದರೆ ನೀವು ಬಿಡುವುದಿಲ್ಲ. 'ಕರ್ವಾಲೊ'ವನ್ನು ಹದಿನೇಳನೇ ವಯಸ್ಸಿನಲ್ಲಿ ಕಾಡಿನ ಕತೆ ಅಂತ ಓದಿದ್ದೆ. ಎರಡನೇ ಸಲ ಓದಿದಾಗ ಹಾರುವ ಓತಿಗಿಂತ ಅದರ ಹಿಂದೆ ಹೋಗುವ ಜನರೇ ಕಣ್ಣಿಗೆ ಬಿದ್ದರು. ಕೋಟ್ಯಂತರ ವರ್ಷದ ಕಾಲವನ್ನು ಕಾಣುವ ವಿಜ್ಞಾನಿಗೆ ದಾರಿ ತೋರಿಸಲು ಜೇನು ಕೀಳುವ ಮಂದಣ್ಣನೇ ಬೇಕು. ನಮ್ಮ ಆಳುಗಳ ಲೈನ್‌ಮನೆಗಳಲ್ಲಿ ಎಷ್ಟು ಮಂದಣ್ಣರಿದ್ದಾರೋ, ನನ್ನ ಚೆಕ್‌ರೋಲಿನಲ್ಲಿ ಅವರಿಗೆ ಒಂದು ಟಿಕ್ ಮಾತ್ರ.

ಈಗ ನಮ್ಮ ತೋಟದ ದೇವತೆ ಚೌಡಿ ವಿಷಯ. ನನ್ನ ಮಟ್ಟಿಗೆ ಅತಿ ಹೆಚ್ಚು ಕೆಲಸಕ್ಕೆ ಬಂದ ಪುಸ್ತಕ ಎಂಟುನೂರು ವರ್ಷ ಹಳೆಯದು.

ನಮ್ಮ ತೋಟದ ಮೂಲೆಯಲ್ಲಿ ಒಂದು ಅತ್ತಿಮರದ ಬುಡದಲ್ಲಿ ಚೌಡಿ ಕಲ್ಲಿದೆ. ಹಣ್ಣು ಕುಯ್ಲು ಮುಗಿದ ಮೇಲೆ ಕೋಳಿ ಕೊಡುವುದು ಪದ್ಧತಿ. ಹಿರಿಯ ಸಾಹುಕಾರರು ಹೋದ ಮೇಲೆ ತೋಟ ನೋಡಿಕೊಳ್ಳಲು ಬಂದ ಮಗ, 'ರಕ್ತ ಗಿಕ್ತ ಬೇಡ, ಬೂದುಗುಂಬಳ ಒಡೀರಿ' ಎಂದ. ಒಳ್ಳೆಯ ಹುಡುಗ, ಕೆಟ್ಟ ಮನಸ್ಸಿಲ್ಲ. ಆಳುಗಳಿಗೆ ಸಮಾಧಾನವಿಲ್ಲ. ಎರಡೂ ಕಡೆಯ ಮಾತು ಹೊತ್ತು ಓಡಾಡುವವನು ರೈಟರ್.

ಅದೇ ಸಮಯಕ್ಕೆ ಮೇಷ್ಟ್ರು ಕೊಟ್ಟದ್ದು ಜನ್ನನ 'ಯಶೋಧರ ಚರಿತೆ'. 1209ರ ಸುಮಾರಿನದು. ಜನ್ನ ನಮ್ಮ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ. ಹಳೇಬೀಡಿಗೆ ಶಾಲೆಯ ಟ್ರಿಪ್‌ನಲ್ಲಿ ಹೋಗಿದ್ದೇನೆ, ಕಲ್ಲಿನ ಆನೆ ಎಣಿಸಿದ್ದೇನೆ, ಅಲ್ಲಿ ಹೀಗೆ ಬರೆಯುವವನೊಬ್ಬ ಇದ್ದ ಅಂತ ಯಾರೂ ಹೇಳಿರಲಿಲ್ಲ. ಹಳಗನ್ನಡ ನನ್ನಿಂದ ಆಗದ ಮಾತು. ಕೆಳಗೆ ಹೊಸಗನ್ನಡದ ಗದ್ಯ ಇರುವ ಪ್ರತಿ ಹಿಡಿದುಕೊಂಡೆ. ಮೊದಲು ಗದ್ಯ ಓದುವುದು, ಆಮೇಲೆ ಪದ್ಯವನ್ನು ಗಟ್ಟಿಯಾಗಿ ಓದುವುದು. ಅರ್ಧದಷ್ಟು ಕಿವಿಗೇ ಅರ್ಥವಾಗುತ್ತದೆ. ನಾಲ್ಕೇ ಅವತಾರದ, ಅಂದರೆ ನಾಲ್ಕೇ ಅಧ್ಯಾಯದ ಸಣ್ಣ ಪುಸ್ತಕ, ಮಳೆಗಾಲದ ಒಂದು ವಾರಕ್ಕೆ ಮುಗಿಯಿತು.

ಯಶೋಧರ ರಾಜ. ಹೆಂಡತಿ ಅಮೃತಮತಿ ರಾತ್ರಿ ಹೊತ್ತು ಕುರೂಪಿ ಮಾವುತನ ಹತ್ತಿರ ಹೋಗುವುದನ್ನು ಕಣ್ಣಾರೆ ಕಂಡಿದ್ದಾನೆ. ತಾಯಿ ಹತ್ತಿರ ಅದನ್ನು ಹೇಳಲಾರದೆ ಕೆಟ್ಟ ಕನಸು ಬಿತ್ತು ಎನ್ನುತ್ತಾನೆ. ತಾಯಿ, ಶಾಂತಿಗೆ ಬಲಿ ಕೊಡು ಎನ್ನುತ್ತಾಳೆ. ಇವನು ಹಿಂಸೆ ಒಲ್ಲೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಹಿಟ್ಟಿನ ಕೋಳಿ. ಅದನ್ನು ಕಡಿಯುತ್ತಾನೆ. ಕಡಿದ ಗಳಿಗೆಯಲ್ಲಿ ಹಿಟ್ಟಿನ ಕೋಳಿ ಕೂಗುತ್ತದೆ! ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೈಯಲ್ಲಿದ್ದದ್ದು ಹಿಟ್ಟು, ಮನಸ್ಸಿನಲ್ಲಿದ್ದದ್ದು ಕೋಳಿ.

ಇದನ್ನು ನಮ್ಮ ಮೇಸ್ತ್ರಿಗೆ ಹೇಳಿದೆ, ಕಣದಲ್ಲಿ ಕಾಫಿ ತಿರುವುತ್ತಾ. ಅವನು ಓದಿದವನಲ್ಲ. ಪೂರ್ತಿ ಕೇಳಿಸಿಕೊಂಡು, 'ಹಂಗಾದ್ರೆ ರೈಟ್ರೇ, ಕುಂಬಳಕಾಯಿಗೆ ಕುಂಕುಮ ತುಂಬಿ ಒಡೆಯೋದ್ಯಾಕೆ? ಕೆಂಪಗೆ ಕಾಣ್ಲಿ ಅಂತ ತಾನೇ?' ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ, 'ಕೋಳೀನ ನಾವು ತಿಂತೀವಿ, ಮಕ್ಳಿಗೆ ಒಂದಿನ ಸಾರು ಆಯ್ತದೆ. ಕುಂಬಳಕಾಯಿ ರಸ್ತೇಲಿ ಕೊಳೀತದೆ' ಎಂದ. ಇದು ಜನ್ನನಿಗೂ ಹೊಳೆದಿರಲಾರದು. ಜನ್ನ ಜೈನ, ಕೋಳಿ ತಿನ್ನುವವನ ಲೆಕ್ಕ ಅವನಿಗೆ ಬೇಕಾಗಿರಲಿಲ್ಲ. ಕುಂಬಳಕಾಯಿ ಸರಿಯೋ ಕೋಳಿ ಸರಿಯೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಆ ಮಧ್ಯಾಹ್ನ ಕಣದಲ್ಲಿ ನಡೆದಂಥ ಚರ್ಚೆಯನ್ನು ಯಾವ ಸಭೆಯಲ್ಲೂ ಕೇಳಿಲ್ಲ. ಆ ವರ್ಷ ಚೌಡಿಗೆ ಎರಡೂ ಆಯಿತು, ಸಾಹುಕಾರರಿಗೆ ಒಂದರ ಲೆಕ್ಕ ಮಾತ್ರ ಹೋಯಿತು. ಇದನ್ನು ಅವರು ಓದದಿರಲಿ.

ಜನ್ನನಿಂದ ಜೈನರ ಕಡೆಗೆ ಕುತೂಹಲ ಬಂತು. 'ವಡ್ಡಾರಾಧನೆ'ಯ ಹತ್ತೊಂಬತ್ತು ಕತೆಗಳನ್ನು ಹೊಸಗನ್ನಡದಲ್ಲಿ ಓದಿ ಶ್ರವಣಬೆಳಗೊಳಕ್ಕೆ ಬಸ್ ಹತ್ತಿದೆ. ಎಲ್ಲರೂ ಗೊಮ್ಮಟನ ಬೆಟ್ಟ ಹತ್ತುತ್ತಾರೆ. ನಾನು ಎದುರಿಗಿರುವ ಚಿಕ್ಕಬೆಟ್ಟ ಹತ್ತಿದೆ. ಅನ್ನ ನೀರು ಬಿಟ್ಟು ಸಾವನ್ನು ಕಾದವರ ಹೆಸರುಗಳನ್ನು ಅಲ್ಲಿನ ಬಂಡೆಯ ಮೇಲೆ ಕೊರೆದಿದ್ದಾರೆ. ಸುಮಾರು ಏಳನೇ ಶತಮಾನದ್ದು ಎನ್ನುವ ಒಂದು ಶಾಸನದಲ್ಲಿ ನಂದಿಸೇನ ಎಂಬ ಮುನಿಯ ಸುದ್ದಿಯಿದೆ. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, 'ಮಂಜುವೋಲ್' ಕಂಡು ಬೇಗ ಕರಗುತ್ತವೆ ಎಂದು ಅವರು ಹೊರಟರಂತೆ. ಮಂಜು ಎಂದರೆ ನಮಗೆ ಹೇಳಿಕೊಡಬೇಕೇ? ಬೆಳಿಗ್ಗೆ ಎಂಟಕ್ಕೆ ಎದುರಿನ ಗಿಡ ಕಾಣುವುದಿಲ್ಲ, ಹತ್ತಕ್ಕೆ ಮಂಜಿತ್ತು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಅವರ ಧೈರ್ಯ ನನಗೆ ಹಿಡಿಸಿತು, ಆದರೆ ಒಪ್ಪಿಗೆಯಾಗಲಿಲ್ಲ. ಅಪ್ಪನಿಗೆ ಬೀಡಿ ಇಟ್ಟವನು ನಾನು. ಸಾಯುವವನ ಆಸೆಯನ್ನು ನಾವು ಎಲೆಯ ಮೇಲೆ ಬಡಿಸುತ್ತೇವೆ, ಅವರು ಬದುಕಿದ್ದಾಗಲೇ ಬಿಡಿಸಿಕೊಳ್ಳುತ್ತಾರೆ. ಇದೂ ಚೆಕ್‌ರೋಲಿನ ಹಿಂದಿನ ಹಾಳೆ ಸೇರಿತು.

ಒಂದು ನಾಚಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬಾನು ಮುಷ್ತಾಕ್ ಹಾಸನದವರು. ಸಂತೆ, ಆಸ್ಪತ್ರೆ ಅಂತ ನಾನು ಹಾಸನಕ್ಕೆ ನೂರು ಸಲ ಹೋಗಿದ್ದೇನೆ. ಅವರ ಕತೆ ಓದಿದ್ದು 2025ರಲ್ಲಿ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ. ಪಕ್ಕದ ಜಿಲ್ಲೆಯವರನ್ನು ಲಂಡನ್ನಿನವರು ತೋರಿಸಬೇಕಾಯಿತು. 'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯನ್ನು ರಾತ್ರಿ ಹೆಂಡತಿಗೆ ಓದಿ ಹೇಳಿದೆ. ಒಬ್ಬ ಹೆಂಗಸು ದೇವರಿಗೇ ನೇರವಾಗಿ ತನ್ನ ಬದುಕನ್ನು ಹೇಳಿಕೊಳ್ಳುತ್ತಾಳೆ, ಒಂದು ಸಲ ಹೆಣ್ಣಾಗಿ ನೋಡು ಎನ್ನುತ್ತಾಳೆ. ನನಗೆ ಇದು ದೊಡ್ಡ ದಾರ್ಶನಿಕ ಪ್ರಶ್ನೆ ಅನ್ನಿಸಿತ್ತು. ನಂಬಿಕೆ ಇಲ್ಲದವಳು ದೇವರ ಹತ್ತಿರ ಜಗಳವಾಡುವುದಿಲ್ಲ, ಜಗಳವೇ ನಂಬಿಕೆಯೋ ಏನೋ ಅಂತೆಲ್ಲ ಹೇಳಲು ಹೊರಟೆ. ಅವಳು ಬಟ್ಟೆ ಮಡಚುತ್ತಾ, 'ಇದ್ರಲ್ಲಿ ಯೋಚ್ನೆ ಮಾಡೋಕೇನೈತೆ? ನಾನು ದಿನಾ ಒಲೆ ಮುಂದೆ ಕೇಳ್ತೀನಿ' ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳು ಏನು ಕೇಳುತ್ತಾಳೆ ಅಂತ ನಾನು ಒಂದು ದಿನವೂ ವಿಚಾರಿಸಿರಲಿಲ್ಲ. ಆಮೇಲೆ ಆ ಪುಸ್ತಕವನ್ನು ಅವಳೇ ಇಟ್ಟುಕೊಂಡಳು.

ಈ ವರ್ಷ ಮಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಟ್ಟು ಅವ್ವನ ಪಕ್ಕ ಕೂತಿದ್ದೆ. ಹನ್ನೊಂದು ವರ್ಷದಿಂದ ಇಷ್ಟೊಂದು ಪುಸ್ತಕ ತಿರುವಿ ಹಾಕಿದವನು, ಕೇಳಬೇಕಾದವಳನ್ನೇ ಕೇಳಿರಲಿಲ್ಲ.

'ಅವ್ವ, ಅವತ್ತು ಕಾಗೆ ಬರದಿದ್ರೆ ಏನ್ ಮಾಡ್ತಿದ್ದೆ?'

ಅವ್ವ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಲಿಲ್ಲ. 'ಇನ್ನೊಂದ್ ಚೂರು ಹೊತ್ತು ಕಾಯ್ತಿದ್ದೆ. ಬರ್ದೆ ಎಲ್ಲೋಗ್ತದೆ, ಕೋಳಿಸಾರು ಇತ್ತಲ್ಲ' ಎಂದಳು.