ನಮ್ಮ ಹಾಯಿದೋಣಿಗೆ ಜಾಗ ಹುಡುಕಿದ ಮೂರು ಮಳೆಗಾಲ

ನಮ್ಮ ಮನೆಯ ಹಾಯಿದೋಣಿ ಈಗ ತುಂಗಭದ್ರಾ ಜಲಾಶಯದ ಎಡಬದಿಯ ಹಿನ್ನೀರಿನಲ್ಲಿ, ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಅಂಚಿಗಿರುವ ತಗಡಿನ ಶೆಡ್ಡಿನಲ್ಲಿ ನಿಂತಿದೆ. ಈ ಜಾಗ ಗೊತ್ತಾಗುವುದಕ್ಕೆ ನಮಗೆ ಮೂರು ಮಳೆಗಾಲ ಹಿಡಿದವು. ನಾನು ನೌಕಾಪಡೆಯಲ್ಲಿ ಹದಿನೈದು ವರ್ಷ ಸೇವೆ ಮಾಡಿ ಊರಿಗೆ ಮರಳಿದವನು. ಹಾಯಿ ಕಟ್ಟುವುದನ್ನೂ ಗಾಳಿಯ ದಿಕ್ಕು ನೋಡಿ ದೋಣಿ ನಡೆಸುವುದನ್ನೂ ಅಲ್ಲಿಯೇ ಕಲಿತೆ. ಆದರೆ ಸಮುದ್ರದ ನೀರು ಇಳಿತದಲ್ಲಿ ಎಷ್ಟೇ ಹಿಂದೆ ಸರಿದರೂ ಉಬ್ಬರದ ಹೊತ್ತಿಗೆ ತನ್ನ ದಡಕ್ಕೆ ಮರಳುತ್ತದೆ. ನಮ್ಮ ಜಲಾಶಯದ ದಡ ಮಾತ್ರ ಒಮ್ಮೆ ಸರಿಯತೊಡಗಿದರೆ ಮುಂದಿನ ಮಳೆಗಾಲದವರೆಗೆ ಮರಳುವುದಿಲ್ಲ. ಮೊದಲ ವರ್ಷ ನಾನು ಮಾಡಿದ ತಪ್ಪುಗಳೆಲ್ಲ ಈ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದುದರಿಂದ ಆದವು.

ದೋಣಿ 1950ರ ದಶಕದಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ಎಂಟರ್‌ಪ್ರೈಸ್ ಎಂಬ ಮಾದರಿಯದು. ಹದಿಮೂರು ಅಡಿ ಉದ್ದ, ಫೈಬರಿನ ಒಡಲು, ಹಾಯಿ ಕಟ್ಟುವ ಅಲ್ಯೂಮಿನಿಯಂ ಕೂವೆಕಂಬ, ಎರಡು ನೀಲಿ ಹಾಯಿ. ಒಡಲೊಂದೇ ಸುಮಾರು ನೂರು ಕಿಲೋ ತೂಗುವುದರಿಂದ ನಾಲ್ವರು ಎತ್ತಬಹುದು, ಇಬ್ಬರು ಎತ್ತಲಾರರು. ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ, ಹೈಸ್ಕೂಲಿನಲ್ಲಿ ಓದುವ ಮಗಳು ಮತ್ತು ಅವಳಿಗಿಂತ ಚಿಕ್ಕವನಾದ ಮಗ ಇದ್ದೇವೆ. ನಾವಷ್ಟೇ ಸೇರಿ ಇಳಿಸಿ ಏರಿಸಲಾಗದ ಜಾಗದಲ್ಲಿ ದೋಣಿ ಇಟ್ಟರೆ ಅದು ವರ್ಷಕ್ಕೆ ನಾಲ್ಕು ದಿನ ಆಳು ಕರೆದು ನೀರಿಗಿಳಿಸುವ ವಸ್ತುವಾಗುತ್ತದೆಯೇ ಹೊರತು ಮನೆಯವರ ದೋಣಿಯಾಗುವುದಿಲ್ಲ ಎಂಬುದು ನನ್ನ ಮೊದಲ ಷರತ್ತಾಗಿತ್ತು.

2022ರ ಬೇಸಿಗೆಯ ಆರಂಭದಲ್ಲಿ ಹೈದರಾಬಾದಿನಿಂದ ಹಳೆಯ ದೋಣಿಯನ್ನು ಲಾರಿಯಲ್ಲಿ ತರಿಸುವ ಮೊದಲು ಮೂರು ಬೇರೆ ಜಾಗಗಳನ್ನೂ ಯೋಚಿಸಿದ್ದೆ. ಕಾರವಾರದ ಕಾಳಿ ನದಿಯ ಅಳಿವೆ ಗಾಳಿಗೆ ಒಳ್ಳೆಯ ಜಾಗ; ಆದರೆ ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಘಟ್ಟ ಇಳಿಯುವುದರಲ್ಲಿ ಒಂದು ದಿನ, ಮರಳುವುದರಲ್ಲಿ ಇನ್ನೊಂದು ದಿನ ಹೋಗುತ್ತದೆ, ಮಳೆಗಾಲದ ಕಡಲಿಗೆ ಇಂಥ ಚಿಕ್ಕ ದೋಣಿಯನ್ನು ಇಳಿಸುವಂತೆಯೂ ಇಲ್ಲ, ಉಪ್ಪುನೀರು ಕಬ್ಬಿಣದ ಪ್ರತಿಯೊಂದು ಕೊಂಡಿಯನ್ನೂ ತಿನ್ನುತ್ತದೆ. ಗಂಗಾವತಿ ತಾಲ್ಲೂಕಿನ ಸಾಣಾಪುರ ಕೆರೆ ನೋಡಲು ಚೆಲುವಾದದ್ದು, ಕಾಲುವೆಯ ನೀರು ಹಾದುಹೋಗುವ ಕೆರೆಯಾದ್ದರಿಂದ ಮಟ್ಟವೂ ಅಷ್ಟಾಗಿ ಏರಿಳಿಯದು. ಆದರೆ ಸುತ್ತಲಿನ ಬಂಡೆಗುಡ್ಡಗಳು ಗಾಳಿಯನ್ನು ಒಡೆದು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ತಳ್ಳುತ್ತವೆ, ನೀರಿಗೆ ಸೆಳೆತವಿದೆ, ದಡವೆಲ್ಲ ಕಲ್ಲು. ಅದು ಹರಿಗೋಲಿಗೆ ಒಪ್ಪುವ ನೀರು. ರಾಯಚೂರು ಕಡೆಯ ನಾರಾಯಣಪುರ ಜಲಾಶಯ ನಮಗೆ ದೂರವಾಯಿತು. ಹೀಗಾಗಿ ಉಳಿದದ್ದು ನಮ್ಮ ಮನೆಯಿಂದ ಮುಕ್ಕಾಲು ತಾಸಿನ ದಾರಿಯಲ್ಲಿದ್ದ ತುಂಗಭದ್ರೆಯ ಹಿನ್ನೀರೇ.

ಮೊದಲ ವರ್ಷ ದೋಣಿಯನ್ನು ನೀರಿನಲ್ಲೇ ತೇಲಬಿಟ್ಟು ದಡದ ಜಾಲಿಮರಕ್ಕೆ ಕಟ್ಟಿದೆವು. ಗಾಳಿಗೆ ಅದು ಅತ್ತಿತ್ತ ಅಲೆದು ಕಲ್ಲಿಗೆ ತಾಗಬಾರದೆಂದು ಹಗ್ಗವನ್ನು ಗಿಡ್ಡಗೆ, ಬಿಗಿಯಾಗಿ ಕಟ್ಟಿದ್ದೆ. 2022ರ ಜುಲೈಯಲ್ಲಿ ಮಲೆನಾಡಿನಲ್ಲಿ ಮಳೆ ಜೋರಾಗಿ ಒಳಹರಿವು ಏರತೊಡಗಿತು. ನಾಲ್ಕು ದಿನ ಬಿಟ್ಟು ಹೋದಾಗ ನಾವು ನಿಂತು ಗಂಟು ಹಾಕಿದ್ದ ನೆಲ ಎದೆಮಟ್ಟದ ನೀರಿನಡಿ ಇತ್ತು. ಮರದ ಬುಡಕ್ಕೆ ಬಿಗಿದ ಹಗ್ಗ ನೀರಿನೊಂದಿಗೆ ಮೇಲೇರಲಾರದೆ ದೋಣಿಯ ಮೂತಿಯನ್ನು ಕೆಳಕ್ಕೆ ಎಳೆದು ಹಿಡಿದಿತ್ತು. ಅಲೆಗಳು ಮೂತಿಯ ಮೇಲಿಂದ ಒಳನುಗ್ಗಿ ಒಡಲು ತುಂಬಿ, ಹಿಂಭಾಗ ಮಾತ್ರ ನೀರಿನಿಂದ ಮೇಲೆದ್ದು ನಿಂತಿತ್ತು. ಹಗ್ಗವನ್ನು ಕೊಯ್ದ ಕ್ಷಣದಲ್ಲಿ ಮೂತಿ ಪಟ್ಟನೆ ಮೇಲೆದ್ದು ಬಂದದ್ದನ್ನು ನೋಡಿ, ಅದನ್ನು ಮುಳುಗಿಸಿದ್ದು ನೀರಲ್ಲ, ನಾನು ಹಾಕಿದ ಗಂಟು ಎಂದು ನನಗೆ ಅರ್ಥವಾಯಿತು. ಚುಕ್ಕಾಣಿಯ ಹಲಗೆ ಸಿಗಲೇ ಇಲ್ಲ. ಕೊಪ್ಪಳದ ಬಡಿಗೇರರೊಬ್ಬರಿಂದ ಸಾಗವಾನಿಯಲ್ಲಿ ಹೊಸದು ಮಾಡಿಸಿದೆ.

ಹಾಗಾದರೆ ಉದ್ದ ಹಗ್ಗ ಬಿಟ್ಟು ದಡದಿಂದ ದೂರ ಲಂಗರು ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ಲಂಗರಿನ ಹಗ್ಗ ನೀರಿನ ಆಳದ ಐದು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಗಾಳಿಯ ಸೆಳೆತಕ್ಕೆ ಲಂಗರು ನೆಲ ಬಿಟ್ಟು ಏಳುತ್ತದೆ. ನಮ್ಮ ಜಲಾಶಯದ ತುಂಬಿದ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಬೇಸಿಗೆಯ ಕೊನೆಗೆ ಅದು ನಲವತ್ತು ಅಡಿಗೂ ಮಿಕ್ಕಿ ಇಳಿದಿರುತ್ತದೆ. ಹತ್ತು ಅಡಿ ನೀರಿಗೆ ಐವತ್ತು ಅಡಿ ಹಗ್ಗ ಸಾಕು, ಮೂವತ್ತು ಅಡಿ ನೀರಿಗೆ ನೂರೈವತ್ತು ಅಡಿ ಬೇಕು. ನೂರೈವತ್ತು ಅಡಿ ಬಿಟ್ಟ ದೋಣಿ ನೀರು ಇಳಿದ ಮೇಲೆ ಅಷ್ಟು ದೂರ ಸುತ್ತುತ್ತಾ ಮೀನುಗಾರರ ಬಲೆಗಳ ಮೇಲೆ ಹೋಗುತ್ತದೆ. ವಾರಕ್ಕೊಮ್ಮೆ ಬಂದು ಹಗ್ಗದ ಅಳತೆ ಸರಿಪಡಿಸುವವರಿಗೆ ಇದು ಸಾಧ್ಯವಿರಬಹುದು. ನಮಗೆ ಮುಂಗಾರಿನಲ್ಲಿ ವಾರವೆಂಬುದು ಬಹಳ ದೀರ್ಘ ಅವಧಿ.

2023ರಲ್ಲಿ ದೋಣಿಯನ್ನು ಕೊಪ್ಪಳದ ಮನೆಯಂಗಳಕ್ಕೆ ತಂದೆವು. ಆ ವರ್ಷ ಬರ, ಜಲಾಶಯ ತುಂಬಲೂ ಇಲ್ಲ. ಮನೆಯಂಗಳದಲ್ಲಿ ಕಳ್ಳರ ಭಯವಿಲ್ಲ, ಪ್ರವಾಹದ ಭಯವಿಲ್ಲ. ಆದರೆ ಒಮ್ಮೆ ಹೊರಡಬೇಕೆಂದರೆ ಗಾಡಿಗೆ ಕಟ್ಟುವುದು, ನೀರಿನ ಬಳಿ ಇಳಿಸುವುದು, ಕೂವೆಕಂಬ ನಿಲ್ಲಿಸುವುದು, ಮತ್ತೆ ಎಲ್ಲವನ್ನೂ ಬಿಚ್ಚಿ ತರುವುದು ಎಂದು ಅರ್ಧ ದಿನ ಅದಕ್ಕೇ ಹೋಗುತ್ತಿತ್ತು. ಇಡೀ ವರ್ಷದಲ್ಲಿ ಐದು ಸಲ ಮಾತ್ರ ನೀರಿಗಿಳಿದೆವು. ನಮ್ಮ ಕಡೆಯ ಬಿಸಿಲಿಗೆ ಫೈಬರಿನ ಹೊಳಪು ಹೋಗಿ ಸುಣ್ಣದಂತೆ ಕೈಗೆ ಹತ್ತತೊಡಗಿದ್ದೂ ಆಗಲೇ. ದೋಣಿ ಎಷ್ಟೇ ಸುರಕ್ಷಿತವಾಗಿದ್ದರೂ ಮಕ್ಕಳು ಅದರಲ್ಲಿ ಕೂರದಿದ್ದರೆ ಆ ಜಾಗ ಸರಿಯಾದದ್ದಲ್ಲ ಎಂದು ನನ್ನ ಹೆಂಡತಿ ಹೇಳಿದ ಮೇಲೆ ಮತ್ತೆ ಹಿನ್ನೀರಿನ ಹಳ್ಳಿಗಳನ್ನು ಸುತ್ತತೊಡಗಿದೆ.

ಈ ಸಲ ನೀರನ್ನು ನೋಡುವ ಮೊದಲು ಆಕಾಶವನ್ನು ನೋಡಿದೆ. ಹಿನ್ನೀರಿನ ದಡದುದ್ದಕ್ಕೂ ರೈತರ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ತಂತಿಗಳು ಹೋಗಿವೆ. ಕೆಲವು ಕಡೆ ಅವು ಜೋತುಬಿದ್ದಿರುತ್ತವೆ. ನಿಲ್ಲಿಸಿದ ಕೂವೆಕಂಬ ಎರಡು ಆಳಿಗಿಂತ ಹೆಚ್ಚು ಎತ್ತರದ ಅಲ್ಯೂಮಿನಿಯಂ ಕೊಳವೆ. ಅದನ್ನು ನಿಲ್ಲಿಸಿಕೊಂಡು ದೋಣಿಯನ್ನು ತಳ್ಳುವವರ ಕೈ ತೇವವಾಗಿರುತ್ತದೆ, ಕಣ್ಣು ನೆಲದ ಮೇಲಿರುತ್ತದೆ. ಆದ್ದರಿಂದ ಶೆಡ್ಡಿನಿಂದ ನೀರಿನವರೆಗೆ ತಲೆಯ ಮೇಲೆ ಒಂದೂ ತಂತಿ ಹಾಯದ ದಾರಿ ಬೇಕೆಂದು ಹಟ ಹಿಡಿದೆ, ಮಿಕ್ಕೆಲ್ಲ ಚೆನ್ನಾಗಿದ್ದ ಎರಡು ಜಾಗಗಳನ್ನು ಇದೊಂದೇ ಕಾರಣಕ್ಕೆ ಬಿಟ್ಟೆ. ಈ ವಿಷಯದಲ್ಲಿ ರಾಜಿಯಾಗಬೇಡಿ ಎಂದು ದೋಣಿ ಇಡಬಯಸುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಎರಡನೆಯದು ಗಾಳಿ. ನದಿಯೂ ಜಲಾಶಯವೂ ನೈರುತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿವೆ. ಮುಂಗಾರಿನ ಗಾಳಿಯೂ ಅದೇ ದಿಕ್ಕಿನಲ್ಲಿ ಬೀಸುವುದರಿಂದ ಅಲೆಗಳು ಜಲಾಶಯದ ಉದ್ದಕ್ಕೂ ಬೆಳೆಯುತ್ತಾ ಅಣೆಕಟ್ಟೆಯ ಕಡೆಗೆ ದೊಡ್ಡವಾಗುತ್ತವೆ. ಬಯಲು ದಡದಲ್ಲಿ ಈ ಗಾಳಿ ನೇರವಾಗಿ ದಡಕ್ಕೆ ಬಂದು ಬಡಿಯುತ್ತದೆ, ಇಳಿಸಿದ ದೋಣಿಯನ್ನು ಚುಕ್ಕಾಣಿ ಹಿಡಿಯುವ ಮೊದಲೇ ಹಿಂದಕ್ಕೆ ನೂಕುತ್ತದೆ. ಒಂದು ಹಳ್ಳ ಬಂದು ಹಿನ್ನೀರನ್ನು ಸೇರುವ ಬಾಯಿಯಲ್ಲಿ, ಪಡುವಣಕ್ಕೆ ದಿಬ್ಬವಿರುವ ಜಾಗ ಸಿಕ್ಕಿತು. ದಿಬ್ಬದ ಮರೆಯಲ್ಲಿ ನಿಂತು ಹಾಯಿ ಏರಿಸಿ, ಸಿದ್ಧವಾದ ಮೇಲೆ ಬಯಲು ನೀರಿಗೆ ಹೋಗಬಹುದು. ಹಿಂಗಾರಿನ ತಿಂಗಳುಗಳಲ್ಲಿ ಮೂಡಣ ಗಾಳಿಗೆ ಅಲ್ಲಿ ಮರೆಯಿಲ್ಲ, ಆದರೆ ಆ ಗಾಳಿ ಮುಂಗಾರಿನದರಷ್ಟು ಬಿರುಸಲ್ಲ. ನಮಗೆ ನಿಜವಾದ ಹಾಯಿಯ ಕಾಲ ಆಗಸ್ಟಿನಿಂದ ಜನವರಿಯವರೆಗೆ. ಆಮೇಲೆ ಕಾಲುವೆಗಳಿಗೆ ಬಿಟ್ಟ ನೀರಿನಿಂದ ಮಟ್ಟ ಇಳಿದು, ಹಳೆಯ ಗೋಡೆಗಳೂ ಮರದ ಬೊಡ್ಡೆಗಳೂ ನೀರಿನಡಿ ಹತ್ತಿರವಾಗಿ, ದೋಣಿ ಅಡ್ಡಕ್ಕೆ ಜಾರದಂತೆ ತಳದಿಂದ ಮೂರು ಅಡಿ ಕೆಳಗಿಳಿಯುವ ನಡುಹಲಗೆಗೆ ತಾಗತೊಡಗುತ್ತವೆ.

ಮೂರನೆಯದು ದಾರಿ. ಹಿನ್ನೀರು ಬಿಟ್ಟುಕೊಟ್ಟ ನೆಲದಲ್ಲಿ ರೈತರು ಬಿತ್ತುತ್ತಾರೆ. ಡಿಸೆಂಬರಿನಲ್ಲಿ ನಾವು ಓಡಾಡಿದ ನೆಲ ಫೆಬ್ರವರಿಯಲ್ಲಿ ಬೆಳೆ ಹೊತ್ತಿರುತ್ತದೆ. ಬಿತ್ತುವ ಮೊದಲೇ ಅವರನ್ನು ಕಂಡು ಬದುವಿನ ಪಕ್ಕ ಎಂಟು ಅಡಿ ಬಿಡಿಸಿಕೊಂಡೆ. ತುಂಬಿದ ಮಟ್ಟದ ಕೆಳಗಿನ ನೆಲ ಸರ್ಕಾರದ್ದಾದ್ದರಿಂದ ಅಲ್ಲಿ ಏನನ್ನೂ ಕಟ್ಟಲಿಲ್ಲ. ಶೆಡ್ ಇರುವುದು ಅದಕ್ಕಿಂತ ಮೇಲೆ, ಒಂದು ಮೀನುಗಾರ ಕುಟುಂಬದ ಸ್ವಂತ ಜಾಗದಲ್ಲಿ. ನೀರಾವರಿ ಕಚೇರಿಗೂ ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ದೋಣಿಯ ಫೋಟೊ ಮತ್ತು ನನ್ನ ಫೋನ್ ನಂಬರಿನೊಂದಿಗೆ ಪತ್ರ ಕೊಟ್ಟಿದ್ದೇನೆ.

ಆ ಕುಟುಂಬವೇ ಈ ಜಾಗದ ಮುಖ್ಯ ಗುಣ. ಗಾಳಿ, ದಾರಿ, ತಂತಿ ಎಲ್ಲವನ್ನೂ ಅಳೆದು ನೋಡಿದ ಮೇಲೂ ನನ್ನ ನಿರ್ಧಾರವನ್ನು ಗಟ್ಟಿಮಾಡಿದ್ದು ಅವರ ಮನೆಯ ಕಟ್ಟೆ. ಆ ಕಟ್ಟೆಯ ಮೇಲೆ ಕುಳಿತರೆ ಹಳ್ಳದ ಬಾಯಿಯಿಂದ ಹೊರಟ ಹಾಯಿ ಎರಡು ಕಿಲೋಮೀಟರ್ ದೂರ ಹೋಗುವವರೆಗೂ ಕಾಣುತ್ತದೆ. ಸಮುದ್ರದಲ್ಲಿ ಅಪಾಯವಾದರೆ ಬರಲು ಬೇರೆ ಹಡಗುಗಳಿವೆ, ರೇಡಿಯೊ ಇದೆ. ಹಿನ್ನೀರಿನಲ್ಲಿ ದೋಣಿ ಮಗುಚಿದರೆ ಅದನ್ನು ಕಂಡು ಬರುವವರು ದಡದಲ್ಲಿರಬೇಕು. ಆ ಮನೆಯ ಹಿರಿಯ ಹೆಣ್ಣುಮಗಳು, ನನ್ನ ಮಕ್ಕಳು ‘ಅಮ್ಮಾ’ ಎಂದು ಕರೆಯುವ ಅಜ್ಜಿ, ನಾವು ನೀರಿನಲ್ಲಿರುವಾಗ ಬಲೆ ಹೆಣೆಯುತ್ತಾ ಕಟ್ಟೆಯ ಮೇಲೆಯೇ ಕೂರುತ್ತಾರೆ. ಅವರ ಮಗನ ಫೈಬರ್ ತೆಪ್ಪ ಸದಾ ಇಳಿಸಲು ಸಿದ್ಧವಾಗಿರುತ್ತದೆ. ಅವರ ಬಲೆಗಳ ತೇಲುಬಾಟಲಿಗಳು ಎಲ್ಲಿವೆ ಎಂದು ಹೊರಡುವ ಮುನ್ನ ನಾವು ಕೇಳಿ ತಿಳಿದುಕೊಳ್ಳುತ್ತೇವೆ. ಒಮ್ಮೆ ನಡುಹಲಗೆಗೆ ಸಿಕ್ಕಿ ಬಲೆ ಹರಿದಾಗ ಅದರ ಬೆಲೆಯನ್ನು ಅಂದೇ ಕೊಟ್ಟೆವು. ಜಾಗದ ಬಾಡಿಗೆಯನ್ನು ತಿಂಗಳ ಮೊದಲ ವಾರ ತಪ್ಪದೆ ತಲುಪಿಸುತ್ತೇನೆ.

2024ರ ಜೂನಿನಲ್ಲಿ ದೋಣಿ ಅಲ್ಲಿಗೆ ಹೋಯಿತು. ಜಲಾಶಯ ತುಂಬಿತ್ತು. ಆಗಸ್ಟ್ 10ರ ಶನಿವಾರ ಸಂಜೆ ದೋಣಿ ನಡೆಸಿ, ಭಾನುವಾರ ಬೆಳಿಗ್ಗೆ ಮತ್ತೆ ಬರುವವರಿದ್ದುದರಿಂದ ಹಳ್ಳದ ಬಾಯಿಯಲ್ಲಿಯೇ ಮೊಣಕಾಲುಮಟ್ಟದ ನೀರಿನಲ್ಲಿ ಲಂಗರು ಹಾಕಿ ಬಂದಿದ್ದೆವು. ಅಂದು ರಾತ್ರಿಯೇ ಅಣೆಕಟ್ಟೆಯಿಂದ ನೀರು ಹೊರಬಿಡುವ 19ನೆಯ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಗಿನ ಜಾವ ಆ ಮನೆಯಿಂದ ಫೋನ್ ಬಂತು: “ಸರ, ಡ್ಯಾಮಿನ ಗೇಟ್ ಹೋಗೈತಂತ. ನೀರು ಇಳಿಯಾಕತ್ತೈತಿ. ನಿಮ್ಮ ದೋಣಿ ಮ್ಯಾಲ ಎಳದು ಹಾಕೀವಿ, ಗಾಬರಿ ಆಗಬ್ಯಾಡ್ರಿ.” ನೀರಿನ ಮಟ್ಟ ತಿಳಿಯಲು ಅಜ್ಜಿ ದಿನವೂ ನೋಡುವ ಮೂರು ಕಲ್ಲುಗಳಲ್ಲಿ ಒಂದರ ಬುಡ ನಸುಕಿನಲ್ಲೇ ಒಣಗಿದ್ದನ್ನು ಕಂಡು ಮಗನನ್ನು ಎಬ್ಬಿಸಿದ್ದರಂತೆ. ನಾವು ಹೋಗುವ ಹೊತ್ತಿಗೆ ಲಂಗರು ಹಾಕಿದ್ದ ಜಾಗ ಬರಿಯ ಕೆಸರಾಗಿತ್ತು. ಮುಂದಿನ ಒಂದು ವಾರದಲ್ಲಿ, ತಾತ್ಕಾಲಿಕ ಗೇಟು ಕೂರಿಸುವವರೆಗೆ, ಮೂವತ್ತು ಟಿಎಂಸಿಗೂ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹೆಚ್ಚು ನೀರು ಹೊರಹೋಯಿತು. ಆ ನೀರನ್ನು ನಂಬಿದ್ದ ರೈತರ ಆತಂಕದ ಮುಂದೆ ನಮ್ಮ ದೋಣಿಯ ಮಾತು ಚಿಕ್ಕದು. ಆ ದಿನಗಳಲ್ಲಿ ನಾವು ಹಾಯಿ ಬಿಚ್ಚಲಿಲ್ಲ.

ಅಂದಿನಿಂದ ಒಂದು ರಾತ್ರಿಗೂ ದೋಣಿಯನ್ನು ನೀರಿನಲ್ಲಿ ಬಿಡುವುದಿಲ್ಲ. ಕೊಪ್ಪಳದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕೈಗಾಡಿಗೆ ಕಾರಿನ ಅಗಲ ಚಕ್ರಗಳಿವೆ. ಒಡಲಿನ ಭಾರ ಎರಡು ಬಿಂದುಗಳ ಮೇಲೆ ಬಿದ್ದರೆ ಅಲ್ಲಿ ಫೈಬರ್ ತಗ್ಗಾಗುವುದರಿಂದ, ತಳದ ಆಕಾರಕ್ಕೆ ಸರಿಯಾಗಿ ಕೊರೆದ ಹಲಗೆಗೆ ಕಾರ್ಪೆಟ್ ಸುತ್ತಿ ಅದರ ಮೇಲೆ ಕೂರಿಸುತ್ತೇವೆ. ತಳದ ಬಿರಡೆಯನ್ನು ತೆಗೆದು ಮೂತಿಯನ್ನು ಒಂದು ಗೇಣು ಎತ್ತರಿಸಿ ಇಡುತ್ತೇವೆ, ಒಳಗೆ ಉಳಿದ ನೀರು ತಾನೇ ಇಳಿದುಹೋಗುತ್ತದೆ. ತಾಡಪಾಲನ್ನು ಒಡಲಿಗೆ ತಾಗದಂತೆ ಗಳುವಿನ ಮೇಲೆ ಹಾಸುತ್ತೇವೆ. ತಾಗಿದರೆ ಒಳಗೆ ಬೆವರು ಕಟ್ಟಿ ಹಗ್ಗಗಳು ಮುಗ್ಗುತ್ತವೆ. ಹಾಯಿಗಳು, ಚುಕ್ಕಾಣಿ ಮತ್ತು ಲೈಫ್ ಜಾಕೆಟ್ಟುಗಳು ಮನೆಯಲ್ಲಿರುತ್ತವೆ, ಇಲಿಗಳಿಗೆ ಹಾಯಿಯ ಬಟ್ಟೆ ಸಿಗಬಾರದು.

ಗೇಟುಗಳ ಸುರಕ್ಷತೆಗಾಗಿ 2025ರಲ್ಲಿ ಜಲಾಶಯವನ್ನು 1626 ಅಡಿಯವರೆಗೆ, ಅಂದರೆ 80 ಟಿಎಂಸಿಯಷ್ಟೇ ತುಂಬಿಸಬೇಕೆಂದು ತೀರ್ಮಾನವಾಯಿತು. ನಮ್ಮ ಜಾಗದಲ್ಲಿ ಮಟ್ಟ ಒಂದು ಅಡಿ ಇಳಿದರೆ ದಡ ಸುಮಾರು ನಲವತ್ತು ಹೆಜ್ಜೆ ದೂರ ಹೋಗುತ್ತದೆ. ಏಳು ಅಡಿಗೆ ಮುನ್ನೂರು ಹೆಜ್ಜೆಯ ಹತ್ತಿರ, ಅದೂ ಎರೆಮಣ್ಣಿನಲ್ಲಿ. ಮಳೆ ಬಿದ್ದ ಎರೆ ಚಕ್ರಕ್ಕೆ ಮೆತ್ತಿಕೊಂಡು ಗಾಡಿಯನ್ನು ಅಲ್ಲಿಯೇ ನಿಲ್ಲಿಸುತ್ತದೆ. ಹೊಸಪೇಟೆಯ ಗುಜರಿಯಲ್ಲಿ ಅದಿರು ಸಾಗಿಸುವ ಹಳೆಯ ಕನ್ವೇಯರ್ ಬೆಲ್ಟುಗಳು ಸಿಗುತ್ತವೆ. ಅವುಗಳಲ್ಲಿ ಹದಿನೈದು ಅಡಿಯ ನಾಲ್ಕು ತುಂಡುಗಳನ್ನು, ಚಕ್ರದ ಅಗಲಕ್ಕೆ ಉದ್ದುದ್ದ ಸೀಳಿಸಿ ತಂದೆ. ಎರಡನ್ನು ಎರಡು ಚಕ್ರಗಳ ಕೆಳಗೆ ಹಾಸಿ ನಾನು ಮತ್ತು ನನ್ನ ಹೆಂಡತಿ ಗಾಡಿಯನ್ನು ತಳ್ಳುತ್ತೇವೆ. ಅಷ್ಟರಲ್ಲಿ ಮಕ್ಕಳು ಹಿಂದೆ ಉಳಿದ ಎರಡನ್ನು ಎಳೆದುಕೊಂಡು ಓಡಿಬಂದು ಮುಂದೆ ಹಾಸುತ್ತಾರೆ. ಶೆಡ್ಡಿನಿಂದ ನೀರಿಗೆ ಹೀಗೆ ಹೋಗಲು ಈಗ ಅರ್ಧ ತಾಸು ಸಾಕು, ಹೊರಗಿನವರ ಕೈ ಬೇಕಾಗುವುದಿಲ್ಲ.